ಬಾಯಿ ಸೊಟ್ಟಗಾದಾಗ: ಶಾವೊಶಿಂಗ್‌ನಲ್ಲಿ ನಾನು ಮಾಡಿಸಿಕೊಂಡ ಆಕ್ಯುಪಂಕ್ಚರ್

ಚೀನಾದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಹಣ, ಆಮೇಲೆ ಸೂಜಿ. ವೈದ್ಯರನ್ನು ನೋಡುವ ಚೀಟಿಗೆ ಒಮ್ಮೆ, ಅವರು ಬರೆದ ಚಿಕಿತ್ಸೆಗೆ ಮತ್ತೊಮ್ಮೆ, ನಡುವೆ ರಕ್ತಪರೀಕ್ಷೆ ಹೇಳಿದರೆ ಅದಕ್ಕೂ ಒಮ್ಮೆ ಮೊಬೈಲ್ ಮುಂದೆ ಹಿಡಿದು ಪಾವತಿ ಮಾಡಬೇಕು. ಚೀಟಿ ಕೊಡುವ ಯಂತ್ರಕ್ಕೆ ಚೀನೀಯರ ಗುರುತಿನ ಚೀಟಿ ಗೊತ್ತು, ನನ್ನ ಪಾಸ್‌ಪೋರ್ಟ್ ಗೊತ್ತಿರಲಿಲ್ಲ. ಹಾಗಾಗಿ ಕಿಟಕಿಯ ಸಾಲು. ಮುಖದ ಬಲಭಾಗ ಜೋತುಬಿದ್ದವನು ಆ ಸಾಲಿನಲ್ಲಿ ನಿಂತರೆ ಹಿಂದಿನವರು ಮುಂದಿನವರು ಎಲ್ಲರೂ ಒಮ್ಮೆ ತಿರುಗಿ ನೋಡುತ್ತಾರೆ. ನೋಡಿದವರೆಲ್ಲ ಕೇಳದೆಯೇ ದಾರಿ ಹೇಳಿದರು: ಮೇಲಿನ ಮಹಡಿ, ಸೂಜಿ ವಿಭಾಗ. ಮುಖ ಸೊಟ್ಟಗಾದವನು ಎಲ್ಲಿಗೆ ಹೋಗಬೇಕೆಂಬುದರಲ್ಲಿ ಆ ಊರಿನಲ್ಲಿ ಯಾರಿಗೂ ಅನುಮಾನವಿಲ್ಲ.

ನಾನು ದಾವಣಗೆರೆಯವನು. ಬಟ್ಟೆ ವ್ಯಾಪಾರದ ಕಚೇರಿಯೊಂದರ ಪರವಾಗಿ ಝೆಜಿಯಾಂಗ್ ಪ್ರಾಂತ್ಯದ ಶಾವೊಶಿಂಗ್ ನಗರಕ್ಕೆ ಸೇರಿದ ಕೆಚಿಯಾವೊದಲ್ಲಿದ್ದೆ. ಜಗತ್ತಿನ ಅತಿ ದೊಡ್ಡ ಬಟ್ಟೆ ಮಾರುಕಟ್ಟೆಗಳಲ್ಲಿ ಅದೂ ಒಂದು. ಭಾರತದ ವ್ಯಾಪಾರಿಗಳು ಅಲ್ಲಿ ಎಷ್ಟಿದ್ದಾರೆಂದರೆ ಊಟಕ್ಕೆ ಚಪಾತಿ ಬೇಳೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗೋದಾಮಿನಲ್ಲಿ ಥಾನುಗಳನ್ನು ಬಿಚ್ಚಿ ಬಣ್ಣ, ತೂಕ, ನೇಯ್ಗೆಯ ದೋಷ ನೋಡುವುದು ನನ್ನ ಕೆಲಸ. ಒಂದು ದಿನ ಬಲಗಿವಿಯ ಹಿಂದೆ ನೋವು ಕಾಣಿಸಿಕೊಂಡಿತು. ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಬಲಗಣ್ಣು ಮುಚ್ಚಲಿಲ್ಲ.

ಮೊದಲ ಭಯ ಪಾರ್ಶ್ವವಾಯುವಿನದು. ಕಚೇರಿಯ ದುಭಾಷಿ ಹುಡುಗಿ ನನ್ನನ್ನು ಕರೆದೊಯ್ದದ್ದು ತುರ್ತು ಚಿಕಿತ್ಸಾ ವಿಭಾಗಕ್ಕೆ. ಅಲ್ಲಿನ ನರರೋಗ ವೈದ್ಯೆ ಕೈಕಾಲಿನ ಬಲ ನೋಡಿದರು, ಮಾತಾಡಿಸಿದರು, ಆಮೇಲೆ ಹುಬ್ಬು ಏರಿಸಿ ಎಂದರು. ಎಡ ಹುಬ್ಬು ಏರಿತು, ಬಲಗಡೆಯ ಹಣೆಯಲ್ಲಿ ಒಂದು ನೆರಿಗೆಯೂ ಮೂಡಲಿಲ್ಲ. ಇಡೀ ಪರೀಕ್ಷೆಯಲ್ಲಿ ಅವರಿಗೆ ನೆಮ್ಮದಿ ತಂದದ್ದು ಅದೊಂದೇ ಇರಬೇಕು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ, ಹಾಗಾಗಿ ಮೆದುಳಿನ ಒಂದು ಬದಿಗೆ ಹೊಡೆತ ಬಿದ್ದರೆ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹಣೆ ಆಡುತ್ತದೆ. ಹಣೆಯೂ ನಿಂತಿದ್ದರೆ ತೊಂದರೆ ಬಹುಮಟ್ಟಿಗೆ ಮೆದುಳಿನಿಂದ ಹೊರಬಂದ ನರದಲ್ಲೇ ಇರುತ್ತದೆ. ಕಿವಿಯ ಹಿಂದಿನ ಮೂಳೆಯ ಇಕ್ಕಟ್ಟಾದ ಕಾಲುವೆಯಲ್ಲಿ ಹಾದುಬರುವ ಮುಖದ ನರ ಊದಿಕೊಂಡು ಹಿಸುಕಿಹೋಗುವ ಈ ಕಾಯಿಲೆಗೆ ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ನಮ್ಮ ಆಯುರ್ವೇದದಲ್ಲಿ ಮುಖದ ಈ ವಿಕಾರವನ್ನು ಅರ್ದಿತ ಎಂದು ವರ್ಣಿಸಿದ್ದಾರೆ. ವೈದ್ಯೆ ರಕ್ತದ ಸಕ್ಕರೆ ನೋಡಿಸಿ ಪ್ರೆಡ್ನಿಸೋನ್ ಮಾತ್ರೆ ಬರೆದರು. ಅದು ಸ್ಟೀರಾಯ್ಡ್, ನರದ ಊತ ಇಳಿಸುವುದಕ್ಕೆ. ಕಣ್ಣಿಗೆ ಹನಿ, ರಾತ್ರಿಗೆ ಮುಲಾಮು. ಮಲಗುವಾಗ ರೆಪ್ಪೆ ಎಳೆದು ಟೇಪು ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಕಣ್ಣುಗುಡ್ಡೆ ಒಣಗಿ ಗಾಯವಾಗುತ್ತದೆ ಎಂದು ಎರಡು ಸಲ ಹೇಳಿದರು. ಕೊನೆಗೆ ತಾವಾಗಿಯೇ ಸೇರಿಸಿದರು: ಚೀನೀ ವೈದ್ಯದ ಆಸ್ಪತ್ರೆಗೆ ಹೋಗಿ ಸೂಜಿಯನ್ನೂ ಹಾಕಿಸಿಕೊಳ್ಳಿ, ಆದರೆ ಮಾತ್ರೆ ಬಿಡಬೇಡಿ.

ಈ ಮಾತನ್ನು ಹೇಳಿದ್ದು ಬಿಳಿ ಕೋಟಿನ ನರರೋಗ ವೈದ್ಯೆ ಎಂಬುದು ನನಗೆ ಆಶ್ಚರ್ಯ. ನಮ್ಮಲ್ಲಿ ಇಂಗ್ಲಿಷ್ ಔಷಧಿಯವರು ನಾಟಿಯವರನ್ನು ಬೈಯುತ್ತಾರೆ, ನಾಟಿಯವರು ಇಂಗ್ಲಿಷ್ ಔಷಧಿಯವರನ್ನು ಬೈಯುತ್ತಾರೆ, ರೋಗಿ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳದೆ ಇಬ್ಬರ ಔಷಧಿಯನ್ನೂ ನುಂಗುತ್ತಾನೆ. ಅಲ್ಲಿ ಸೂಜಿ ಹಾಕುವ ವೈದ್ಯರೂ ಕಾಲೇಜಿನಲ್ಲಿ ಅಂಗರಚನೆ, ಔಷಧಶಾಸ್ತ್ರ ಓದಿ ಬಂದವರು. ನನ್ನ ರಕ್ತಪರೀಕ್ಷೆಯ ವರದಿಯನ್ನು ಅವರೂ ಕೇಳಿ ಓದಿದರು, ಮಾತ್ರೆಯ ಪ್ರಮಾಣವನ್ನು ಬರೆದುಕೊಂಡರು.

ಹಾಗೆಂದು ದಾರಿಯಲ್ಲಿ ಬೇರೆ ಸಲಹೆಗಾರರು ಸಿಗಲಿಲ್ಲವೆಂದಲ್ಲ. ಮಾರುಕಟ್ಟೆಯ ಹತ್ತಿರದ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಸ್ಟೀರಾಯ್ಡ್ ನಿಲ್ಲಿಸಿದರೆ ಮಾತ್ರ ಸೂಜಿ ಕೆಲಸ ಮಾಡುತ್ತದೆ ಎಂದರು. ಪೂರ್ತಿ ಕೋರ್ಸಿನ ಹಣ ಮುಂಗಡ ಕಟ್ಟಿದರೆ ರಿಯಾಯಿತಿ, ಗುಣವಾಗುವುದು ಖಂಡಿತ ಎಂಬ ಮಾತೂ ಬಂತು. ಬಟ್ಟೆ ವ್ಯಾಪಾರದಲ್ಲಿ ಖಂಡಿತ ಎಂದವನ ಥಾನನ್ನು ನಾವು ಇನ್ನೊಂದು ಸಲ ಬಿಚ್ಚಿ ನೋಡುತ್ತೇವೆ. ಎದ್ದು ಬಂದೆ.

ಆಕ್ಯುಪಂಕ್ಚರ್ ವಿಭಾಗ ಎಂದರೆ ಬಿದಿರಿನ ಪರದೆ, ಧೂಪ, ಬಿಳಿ ಗಡ್ಡದ ಮುದುಕ ಎಂದು ಸಿನಿಮಾಗಳು ತಲೆಗೆ ತುಂಬಿವೆ. ಇಲ್ಲಿ ಟ್ಯೂಬ್‌ಲೈಟು, ಸಾಲು ಹಾಸಿಗೆಗಳು, ನಡುವೆ ತಿಳಿನೀಲಿ ಪರದೆ, ಗೋಡೆಯ ಮೇಲೆ ಸರದಿ ತೋರಿಸುವ ಪರದೆ. ಮೂಲೆಯಲ್ಲಿ ಮೈತುಂಬ ಚುಕ್ಕಿಗಳಿದ್ದ ಕಂಚಿನ ಮನುಷ್ಯನ ಚಿಕ್ಕ ಪ್ರತಿಮೆ. ಅದರ ಮೂಲ ಸಾಂಗ್ ರಾಜರ ಕಾಲದ್ದು. 1027ರಲ್ಲಿ ವಾಂಗ್ ವೈಯಿ ಎಂಬ ಆಸ್ಥಾನ ವೈದ್ಯ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಮಾಡಿಸಿದ. ಮೈಮೇಲೆ ಸೂಜಿ ಹಾಕುವ ಬಿಂದುಗಳಲ್ಲಿ ತೂತು, ಹೊರಗೆ ಮೇಣದ ಲೇಪ, ಒಳಗೆ ನೀರು. ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ನೀರು ಚಿಮ್ಮುತ್ತದೆ, ಇಲ್ಲದಿದ್ದರೆ ನಪಾಸು. ಈಗಿನ ಪರೀಕ್ಷೆಗಳಿಗಿಂತ ಇದು ಮೇಲು ಎನಿಸಿತು, ಅಲ್ಲಿ ನಕಲು ಮಾಡಲು ದಾರಿಯಿಲ್ಲ.

ವೈದ್ಯರು ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ನಾಲಿಗೆ ಚಾಚಿಸಿ ಅದರ ಬಣ್ಣ, ಮೇಲಿನ ಪೊರೆ ನೋಡಿದರು. ಎರಡೂ ಮಣಿಕಟ್ಟುಗಳಲ್ಲಿ ಮೂರು ಬೆರಳಿಟ್ಟು ನಾಡಿ ಹಿಡಿದರು, ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಒತ್ತಿ. ನಮ್ಮ ಪಂಡಿತರು ಹಿಡಿಯುವುದೂ ಮೂರೇ ಬೆರಳಿನಲ್ಲಿ. ಏಸಿಯ ಗಾಳಿಗೆ ಮುಖವೊಡ್ಡಿ ಮಲಗಿದ್ದಿರಾ ಎಂದು ಕೇಳಿ, ತಂಪುಗಾಳಿ ನಾಳಗಳೊಳಗೆ ಹೊಕ್ಕಿದೆ ಎಂದರು. ಆ ರಾತ್ರಿ ಫೋನಿನಲ್ಲಿ ಅವ್ವನೂ ಅದನ್ನೇ ಹೇಳಿದಳು: “ಗಾಳಿ ಹೊಡೆದಿದೆ ಕಣೋ, ತಲೆಗೆ ಬಟ್ಟೆ ಕಟ್ಟಿಕೋ.” ಅವಳು ಚೀನೀ ವೈದ್ಯ ಓದಿದವಳಲ್ಲ. ಹುಣ್ಣು ತರುವ ಹರ್ಪಿಸ್ ವೈರಸ್ ನರದಲ್ಲಿ ಮತ್ತೆ ಎಚ್ಚರಗೊಳ್ಳುವುದು ಕಾರಣವಿರಬಹುದು ಎಂದು ನರರೋಗ ತಜ್ಞರು ಶಂಕಿಸುತ್ತಾರೆ. ನಾನು ಮೂವರ ಮಾತನ್ನೂ ಕೇಳಿಸಿಕೊಂಡು ಮಾಸ್ಕ್ ಹಾಕಿಕೊಂಡು ಓಡಾಡಿದೆ. ಗಾಳಿ ತಡೆಯಿತೋ ಇಲ್ಲವೋ, ಜನ ದಿಟ್ಟಿಸುವುದನ್ನಂತೂ ತಡೆಯಿತು.

ಈಗ ಸೂಜಿಯ ವಿಚಾರ. ಇಂಜೆಕ್ಷನ್ ಸೂಜಿ ಟೊಳ್ಳು, ಇದು ಗಟ್ಟಿ ಸ್ಟೀಲಿನ ತಂತಿ. ನನಗೆ ಹಾಕಿದ್ದು ಕಾಲು ಮಿಲಿಮೀಟರ್ ದಪ್ಪದ್ದು, ಹಿಡಿಯುವ ಕಡೆ ಸುರುಳಿ ಸುತ್ತಿರುತ್ತದೆ. ಒಂದು ಸಲಕ್ಕೆ ಮಾತ್ರ ಬಳಸುವ ಪೊಟ್ಟಣವನ್ನು ನನ್ನ ಕಣ್ಣೆದುರೇ ಹರಿದರು. ಬಿಂದು ಹುಡುಕಲು ಅಳತೆಪಟ್ಟಿ ಇಲ್ಲ, ಅಳತೆ ರೋಗಿಯ ಕೈಯಲ್ಲೇ ಇದೆ. ಅವನ ಹೆಬ್ಬೆರಳಿನ ಅಗಲ ಒಂದು ಛುನ್, ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಜೋಡಿಸಿದರೆ ಮೂರು ಛುನ್. ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ಮೂರು ಛುನ್ ಇಳಿದು, ಕೆಳಗಾಲಿನ ಮುಂದಿನ ಮೂಳೆಯಿಂದ ಒಂದು ಬೆರಳು ಹೊರಗೆ ಸರಿದರೆ ಜುಸಾನ್‌ಲಿ ಎಂಬ ಬಿಂದು. ಮುಖದ ಕಾಯಿಲೆಗೆ ಕಾಲಿಗೇಕೆ ಸೂಜಿ ಎಂದು ದುಭಾಷಿ ಹುಡುಗಿಯ ಮೂಲಕ ಕೇಳಿಸಿದೆ. ಶಕ್ತಿ ತುಂಬುವುದಕ್ಕೆ ಎಂದು ಉತ್ತರ ಬಂತು. ಕೈಯಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವಿನ ದಿಣ್ಣೆಯಲ್ಲಿರುವ ಹೆಗು ಬಿಂದುವಿಗೂ ಒಂದು ಬಿತ್ತು, ಅದೂ ಕಾಯಿಲೆ ಇಲ್ಲದ ಎಡಗೈಗೆ. ಮುಖ ಮತ್ತು ಬಾಯಿಯ ತೊಂದರೆಗೆಲ್ಲ ಹೆಗು ಎಂಬ ಸಾಲು ಅಲ್ಲಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಹಳೆಯ ಪದ್ಯದಲ್ಲಿದೆ. ಗರ್ಭಿಣಿಯರಿಗೆ ಮಾತ್ರ ಅಲ್ಲಿ ಹಾಕುವುದಿಲ್ಲವಂತೆ.

ಮುಖದ ಸೂಜಿಗಳದ್ದೇ ಬೇರೆ ಕುಶಲತೆ. ಹುಬ್ಬಿನಿಂದ ಒಂದು ಛುನ್ ಮೇಲೆ, ಕಣ್ಣಿನ ಪಾಪೆಯ ನೇರಕ್ಕೆ ಯಾಂಗ್‌ಬಾಯ್. ಅಲ್ಲಿ ಚರ್ಮದ ಕೆಳಗೇ ಮೂಳೆ, ನೇರ ಚುಚ್ಚಲು ಜಾಗವಿಲ್ಲ. ಚರ್ಮವನ್ನು ಚಿವುಟಿ ಎತ್ತಿ, ಸೂಜಿಯನ್ನು ಮಲಗಿಸಿ ಹುಬ್ಬಿನ ಕಡೆಗೆ ನೂಕಿದರು. ಸೀರೆಗೆ ಫಾಲ್ ಹಾಕುವವಳು ಬಟ್ಟೆಯ ಒಂದೇ ಎಳೆ ಹಿಡಿದು, ಮೇಲ್ಗಡೆ ಕಾಣದಂತೆ ಸೂಜಿ ಓಡಿಸುತ್ತಾಳಲ್ಲ, ಅದೇ ಕೈಚಳಕ. ಬಾಯಿಯ ತುದಿಯ ಪಕ್ಕದ ದಿಚಾಂಗ್‌ನಿಂದ ಉದ್ದನೆಯ ಸೂಜಿಯನ್ನು ಕೆನ್ನೆಯೊಳಗೇ ಹಾಯಿಸಿ, ಹಲ್ಲು ಕಚ್ಚಿದರೆ ಉಬ್ಬುವ ದವಡೆಯ ಸ್ನಾಯುವಿನ ಜಿಯಾಚೆ ಬಿಂದುವಿನ ದಿಕ್ಕಿಗೆ ತಳ್ಳುವುದು ಇನ್ನೊಂದು. ಒಂದೇ ಸೂಜಿಯಲ್ಲಿ ಎರಡು ಬಿಂದು. ನೋವು ಚುಚ್ಚುವ ಕ್ಷಣಕ್ಕೆ ಮಾತ್ರ. ಆಮೇಲೆ ಸೂಜಿಯನ್ನು ಬೆರಳುಗಳ ನಡುವೆ ಅತ್ತಿತ್ತ ತಿರುವುತ್ತಾ ವೈದ್ಯರು ಕೇಳುತ್ತಿದ್ದರು: ಜೋಮು ಬಂತೇ? ಬಿಗಿಯುತ್ತಿದೆಯೇ? ಭಾರವಾಯಿತೇ? ಹೆಗುವಿನಲ್ಲಿ ತಿರುವಿದಾಗ ಮಂದವಾದ ಸೆಳೆತ ಮುಂಗೈ ಕಡೆಗೆ ಹರಿಯಿತು. ಹೌದು ಎಂದೆ. ಅವರು ತಿರುವುವುದನ್ನು ನಿಲ್ಲಿಸಿದರು. ಆ ಸಂವೇದನೆಗೆ ದೆಚಿ ಎನ್ನುತ್ತಾರೆ, ಅದು ಬರದಿದ್ದರೆ ಸೂಜಿ ಹಾಕಿದ ಹಾಗಲ್ಲ ಎಂಬುದು ಅವರ ಲೆಕ್ಕ.

ಮೊದಲ ವಾರ ಮುಖಕ್ಕೆ ಎರಡು ಮೂರೇ ಸೂಜಿ, ಅದೂ ಮೇಲುಮೇಲೆ. ಬೆಂಕಿ ಹೊತ್ತಿರುವಾಗ ಕೆದಕಬಾರದು ಎಂದರು. ಕೈಕಾಲಿನವುಗಳನ್ನೇ ಜೋರಾಗಿ ತಿರುವಿದರು. ಎಷ್ಟು ಬೇಗ, ಎಷ್ಟು ಜೋರಾಗಿ ಹಾಕಬೇಕು ಎಂಬ ಬಗ್ಗೆ ಅಲ್ಲಿನ ವೈದ್ಯರಲ್ಲೇ ಜಗಳವಿದೆ. ನನ್ನವರು ಎಚ್ಚರಿಕೆಯ ಪಕ್ಷದವರು.

ಊತದ ಹಂತ ಕಳೆದ ಮೇಲೆ ವಿದ್ಯುತ್ ಪೆಟ್ಟಿಗೆ ಬಂತು. ಕೆನ್ನೆಯ ಎರಡು ಸೂಜಿಗಳಿಗೆ ಪುಟ್ಟ ಕ್ಲಿಪ್ಪು ಸಿಕ್ಕಿಸಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ವಾರಗಳಿಂದ ನನ್ನ ಮಾತು ಕೇಳದಿದ್ದ ತುಟಿಯ ತುದಿ ನನ್ನ ಅಪ್ಪಣೆಯನ್ನೇ ಕೇಳದೆ ಕುಣಿಯತೊಡಗಿತು. ಟಕ್, ಟಕ್, ಟಕ್. ಪಕ್ಕದಲ್ಲಿ ನಿಂತಿದ್ದ ದುಭಾಷಿ ಹುಡುಗಿ ಕನ್ನಡಿ ಹಿಡಿದಳು. ಖುಷಿಯೂ ಆಯಿತು, ಸಿಟ್ಟೂ ಬಂತು. ಪೇಸ್‌ಮೇಕರ್ ಇದೆಯೇ ಎಂದು ಪೆಟ್ಟಿಗೆ ಹಚ್ಚುವ ಮೊದಲೇ ಕೇಳಿದ್ದರು, ಅದಿದ್ದವರಿಗೆ ಇದನ್ನು ಹಚ್ಚುವುದಿಲ್ಲ. ಅರ್ಧ ಗಂಟೆಯ ಹತ್ತಿರ ಹಾಗೆ ಮಲಗಬೇಕು, ಮೇಲೆ ಕೆಂಪಗೆ ಕಾಯುವ ಶಾಖದ ದೀಪ. ಸೂಜಿ ತೆಗೆಯುವ ದಾದಿ ಎಣಿಸುತ್ತಾ ತೆಗೆದು, ಹತ್ತಿಯಿಂದ ಒತ್ತಿ, ಕೊನೆಗೆ ತಲೆಕೂದಲಿನೊಳಗೂ ಬೆರಳಾಡಿಸಿ ಒಂದೂ ಉಳಿದಿಲ್ಲವೆಂದು ನೋಡುತ್ತಿದ್ದಳು.

ಸೂಜಿ ಮುಗಿದ ಮೇಲೆ ಕೆಲವು ದಿನ ಬಟ್ಟಲು. ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಬಟ್ಟಲಿನೊಳಗೆ ಒಮ್ಮೆ ಸುಳಿಸಿ, ಕೆನ್ನೆಗೆ ಹಚ್ಚಿದ ಕೂಡಲೇ ಪಟ್ಟೆಂದು ಕಿತ್ತುಬಿಡುತ್ತಾರೆ. ಬೆನ್ನಿನ ಮೇಲಾದರೆ ಹಾಗೇ ಬಿಡುತ್ತಾರೆ, ಅದರ ನೇರಳೆ ಚಕ್ರಗಳನ್ನು 2016ರ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಜಗತ್ತೇ ನೋಡಿತು. ಮುಖದ ಮೇಲೆ ಅಂಥ ಚಕ್ರ ಯಾರಿಗೂ ಬೇಡ. ಕಿವಿಯ ಹಿಂದಿನ ಯಿಫೆಂಗ್ ಬಿಂದುವಿಗೆ ಮಾಕ್ಸಾ ಶಾಖ ಕೊಟ್ಟರು. ಒಣಗಿಸಿ ಕುಟ್ಟಿದ ಸೊಪ್ಪಿನ ಕಡ್ಡಿಗೆ ಬೆಂಕಿ ಹಚ್ಚಿ ಚರ್ಮಕ್ಕೆ ತಾಗದಂತೆ ಹಿಡಿಯುವುದು. ಹೊಗೆಯ ವಾಸನೆ ಎಲ್ಲಿಯದೆಂದು ತಲೆ ಕೆರೆದುಕೊಂಡೆ. ಗಣೇಶನಿಗೆ ಏರಿಸುವ ಪತ್ರೆಗಳಲ್ಲಿ ಮಾಚಿಪತ್ರೆ ಇರುತ್ತದಲ್ಲ, ಅದೇ ಕುಲದ ಗಿಡ. ದಾವಣಗೆರೆಯ ಹಬ್ಬದ ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಸೊಪ್ಪಿನ ನೆಂಟ ಇಲ್ಲಿ ಆಸ್ಪತ್ರೆಯ ಬಿಲ್ಲಿನಲ್ಲಿ ಬೇರೆಯೇ ಸಾಲಾಗಿ ಬರುತ್ತಿತ್ತು.

ಪಕ್ಕದ ಹಾಸಿಗೆಗಳಲ್ಲಿ ಯಾರಿದ್ದಾರೆ ಎಂದು ನೋಡುವುದರಲ್ಲಿ ಹೊತ್ತು ಹೋಗುತ್ತಿತ್ತು. ಕುತ್ತಿಗೆ ನೋವಿನವರೇ ಹೆಚ್ಚು, ಮೊಬೈಲ್ ಯುಗದ ಬೆಳೆ. ಮಂಡಿ ಸವೆದ ಅಜ್ಜಿಯರು. ನಿದ್ದೆ ಬಾರದ ಗುಮಾಸ್ತರು. ಕೀಮೊಥೆರಪಿಯ ವಾಂತಿಗೆಂದು ಬರುತ್ತಿದ್ದ ಒಬ್ಬ ಹೆಂಗಸಿಗೆ ಮಣಿಕಟ್ಟಿನ ಒಳಮೈಯಲ್ಲಿ, ಎರಡು ಸ್ನಾಯುರಜ್ಜುಗಳ ನಡುವಿನ ನೈಗ್ವಾನ್‌ಗೆ ಸೂಜಿ. ಇದಕ್ಕೆ ಪುರಾವೆ ತಕ್ಕಮಟ್ಟಿಗೆ ಇದೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1997ರಲ್ಲಿ ಕೂಡಿಸಿದ ತಜ್ಞರ ಮಂಡಳಿ ಶಸ್ತ್ರಚಿಕಿತ್ಸೆ ಮತ್ತು ಕೀಮೊಥೆರಪಿಯ ನಂತರದ ವಾಂತಿಗೆ ಇದು ಫಲಕಾರಿ ಎಂದಿತ್ತು. ಒಂದು ಬೆಳಿಗ್ಗೆ ಏನೂ ತಿನ್ನದೆ ಬಂದು ಕುರ್ಚಿಯಲ್ಲಿ ಕೂತೇ ಭುಜಕ್ಕೆ ಹಾಕಿಸಿಕೊಂಡ ಹುಡುಗನೊಬ್ಬ ಬೆವರಿ ಬಿಳಿಚಿಕೊಂಡ. ದಾದಿ ಓಡಿ ಬಂದು ಸೂಜಿಗಳನ್ನು ಸರಸರ ಕಿತ್ತು, ಮಲಗಿಸಿ, ಕಾಲೆತ್ತಿ, ಬಿಸಿ ಸಕ್ಕರೆ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅವನು ಎದ್ದು ಮೊಬೈಲ್ ಹುಡುಕಿದ. ಯಾರೂ ಗಾಬರಿಯಾಗಲಿಲ್ಲ, ಹೊಸಬರಿಗೆ ಆಗುವುದೇ ಅಂತೆ.

ನನ್ನ ಎಡಕ್ಕೆ ಪಾರ್ಶ್ವವಾಯುವಿನ ನಂತರದ ಚಿಕಿತ್ಸೆಗೆ ಬರುತ್ತಿದ್ದ ಮುದುಕರು. ಭಾರತದವನೆಂದು ತಿಳಿದ ದಿನ ಚೆನ್ನಾಗಿದ್ದ ಕೈಯ ಹೆಬ್ಬೆರಳೆತ್ತಿ “ಕೆ ದಿಹುವಾ!” ಎಂದರು. 1938ರಲ್ಲಿ ಜಪಾನಿನ ವಿರುದ್ಧದ ಯುದ್ಧಕಾಲದಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರಾದ ದ್ವಾರಕಾನಾಥ ಕೋಟ್ನಿಸರ ಚೀನೀ ಹೆಸರು ಅದು. ವಿಜಯಪುರದ ನೆರೆಯ ಸೊಲ್ಲಾಪುರದವರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಿಜೋಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ಸೂಜಿವಿದ್ಯೆ ಕಲಿತು ಕೊಲ್ಕತ್ತಕ್ಕೆ ತಂದರು. ನಮ್ಮ ದೇಶದಲ್ಲಿ ಆಕ್ಯುಪಂಕ್ಚರಿನ ಬೇರು ಹುಡುಕಿದರೆ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಇದನ್ನೆಲ್ಲ ಮುದುಕರಿಗೆ ಹೇಳುವಷ್ಟು ಚೀನೀ ನನಗೆ ಬರುತ್ತಿರಲಿಲ್ಲ, ಬಂದಿದ್ದರೂ ಆಗ ನನ್ನ ತುಟಿ ಒಪ್ಪುತ್ತಿರಲಿಲ್ಲ.

ತುಟಿಗೆ ಅವ್ವ ಬೇರೆ ವ್ಯಾಯಾಮ ಹಚ್ಚಿದ್ದಳು. ದಿನಾ ರಾತ್ರಿ ಫೋನಿನಲ್ಲಿ ಪ ಫ ಬ ಭ ಮ. ಮೊದಲು ಐದೂ ಅಕ್ಷರಗಳು ಗಾಳಿ ಸೋರಿ ಒಂದೇ ಅಕ್ಷರವಾಗುತ್ತಿದ್ದವು. ಬ ಸ್ಪಷ್ಟವಾದ ದಿನ ಅವಳು ಆಂಜನೇಯನಿಗೆ ಹರಕೆ ತೀರಿಸಿದಳು. ಅದೇ ಹೊತ್ತಿಗೆ ಹಣೆಯಲ್ಲೂ ಸಣ್ಣದೊಂದು ಗೆರೆ ಕಾಣಿಸಿಕೊಂಡಿತು, ರೆಪ್ಪೆಗಳ ನಡುವಿನ ಸಂದು ಕಿರಿದಾಯಿತು.

ಯಶಸ್ಸು ಯಾರದು ಎಂದು ಎಲ್ಲರೂ ಕೇಳುತ್ತಾರೆ. ಡೆನ್ಮಾರ್ಕಿನಲ್ಲಿ ಯಾವ ಚಿಕಿತ್ಸೆಯನ್ನೂ ಕೊಡದೆ ಇಂಥ ಸುಮಾರು ಸಾವಿರದ ಏಳುನೂರು ರೋಗಿಗಳನ್ನು ಗಮನಿಸಿದ ವರದಿ 2002ರಲ್ಲಿ ಬಂತು: ಶೇ 71 ಮಂದಿ ತಾವಾಗಿಯೇ ಪೂರ್ತಿ ಗುಣವಾಗಿದ್ದರು. ಅಂದರೆ ಏನನ್ನೂ ಮಾಡದ ವೈದ್ಯನೂ ಹತ್ತರಲ್ಲಿ ಏಳು ಸಲ ಗೆಲ್ಲುತ್ತಾನೆ. ಈ ಕಾಯಿಲೆಯಲ್ಲಿ ಗ್ಯಾರಂಟಿ ಕೊಡುವವರು ಬದುಕುವುದೇ ಈ ಲೆಕ್ಕದ ಮೇಲೆ. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಅದೇ ಬಗೆಯ ಸ್ಟೀರಾಯ್ಡ್ ಕೊಟ್ಟವರಲ್ಲಿ ಒಂಬತ್ತು ತಿಂಗಳಿಗೆ ಶೇ 94ರಷ್ಟು, ಕೊಡದವರಲ್ಲಿ ಶೇ 82ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಮಾತ್ರೆಗೆ ಹೀಗೆ ಗಟ್ಟಿ ಸಾಕ್ಷಿ ಇದೆ. ಸೂಜಿಗೆ ಇರುವ ಸಾಕ್ಷಿ ತೆಳು. ಚೀನಾದ 11 ಆಸ್ಪತ್ರೆಗಳಲ್ಲಿ 338 ರೋಗಿಗಳ ಮೇಲೆ ನಡೆದು 2013ರಲ್ಲಿ ಹೊರಬಂದ ಪರೀಕ್ಷೆಯೊಂದರಲ್ಲಿ ದೆಚಿ ಬರುವಂತೆ ಸೂಜಿ ತಿರುವಿದವರ ಮುಖ ಆರು ತಿಂಗಳಿಗೆ ಹೆಚ್ಚು ಸುಧಾರಿಸಿತ್ತು. ಆದರೆ ಸೂಜಿಯೇ ಇಲ್ಲದ ಗುಂಪು ಅದರಲ್ಲಿರಲಿಲ್ಲ, ಮಾತ್ರೆಯನ್ನು ಎಲ್ಲರಿಗೂ ಕೊಟ್ಟಿದ್ದರು. ಹಾಗಾಗಿ ನನ್ನ ಒಬ್ಬನ ಮುಖ ತೋರಿಸಿ ಸೂಜಿಯೇ ಗುಣಪಡಿಸಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಷ್ಟು ಹೇಳಬಲ್ಲೆ: ಮಾತ್ರೆಯ ಕೋರ್ಸು ಬೇಗ ಮುಗಿಯುತ್ತದೆ, ನರ ಮಾತ್ರ ತಿಂಗಳುಗಟ್ಟಲೆ ಸತಾಯಿಸುತ್ತದೆ. ಆ ತಿಂಗಳುಗಳಲ್ಲಿ ಒಬ್ಬರು ನನ್ನ ಮುಖವನ್ನು ಬೆರಳಿನಿಂದ ಮುಟ್ಟಿ, ಕೆನ್ನೆ ಉಬ್ಬಿಸಿ ಎಂದು ಹೇಳಿ, ಹಿಂದಿನ ಸಲಕ್ಕಿಂತ ಎಷ್ಟು ಮೇಲು ಎಂದು ಬರೆದಿಡುತ್ತಿದ್ದರು. ಅದಕ್ಕೆ ಹಣ ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ.

ಪೂರ್ತಿ ಮೊದಲಿನಂತಾಗಿಲ್ಲ. ನಕ್ಕರೆ ಬಲಗಣ್ಣು ತುಸು ಮುಚ್ಚಿಕೊಳ್ಳುತ್ತದೆ. ಮತ್ತೆ ಬೆಳೆದ ನರದ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಹೋಗಿ ಸೇರಿದಾಗ ಹೀಗಾಗುತ್ತದೆ. ಇದು ಕಾಣಿಸಿಕೊಂಡ ದಿನ ವೈದ್ಯರು ವಿದ್ಯುತ್ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು, ಇನ್ನು ಕುಣಿಸಿದರೆ ತಪ್ಪು ದಾರಿಯೇ ಗಟ್ಟಿಯಾಗುತ್ತದೆ ಎಂದರು. ಕೆಲವು ವಾರಗಳ ನಂತರ ಇನ್ನು ಬರಬೇಡಿ, ಕನ್ನಡಿ ಮುಂದೆ ನಿಧಾನವಾಗಿ ನಗುವುದನ್ನು ಅಭ್ಯಾಸ ಮಾಡಿ ಎಂದು ಚೀಟಿ ಬರೆಯದೆ ಕಳಿಸಿದರು. ಗಿರಾಕಿಯನ್ನು ತಾವಾಗಿಯೇ ಕಳಿಸಿಕೊಡುವವರ ಮೇಲೆ ನನಗೆ ಗೌರವ.

ಊರಿಗೆ ಬಂದ ಮೇಲೆ ಸೋದರಮಾವನ ಮಗ ಫೋನ್ ಮಾಡಿ, ತನ್ನ ಗೆಳೆಯನ ಬಾಯಿ ಸೊಟ್ಟಗಾಗಿದೆ, ದಾವಣಗೆರೆಯಲ್ಲಿ ಸೂಜಿ ಹಾಕುವವರು ಯಾರಿದ್ದಾರೆ ಎಂದು ಕೇಳಿದ. ಎಷ್ಟು ದಿನವಾಯಿತು ಎಂದೆ. ನಿನ್ನೆಯಿಂದ ಎಂದ. ಹಾಗಾದರೆ ಇವತ್ತು ಸೂಜಿಯ ಮಾತು ಬೇಡ, ಈಗಲೇ ನರರೋಗ ವೈದ್ಯರ ಬಳಿ ಕರೆದುಕೊಂಡು ಹೋಗು, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಲಿ ಎಂದೆ. ಆಕ್ಯುಪಂಕ್ಚರನ್ನು ಕೇಂದ್ರ ಸರ್ಕಾರ 2019ರಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿಕೊಂಡಿದೆಯಾದರೂ ಬೋರ್ಡು ಹಾಕಿದವರೆಲ್ಲ ಎಷ್ಟು ಕಲಿತಿದ್ದಾರೆ ಎಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು. ಆಮೇಲೆ ಹೋಗುವುದಾದರೆ ಸೂಜಿಯ ಪೊಟ್ಟಣವನ್ನು ಅವನೆದುರೇ ಒಡೆಯುತ್ತಾರೋ ನೋಡಲಿ, ಮಾತ್ರೆ ನಿಲ್ಲಿಸು ಎಂದವರ ಬಳಿ ಎರಡನೇ ಸಲ ಹೋಗದಿರಲಿ ಎಂದೂ ಹೇಳಿದೆ. “ಖರ್ಚೆಷ್ಟು ಬರಬಹುದಣ್ಣ?” ಎಂದು ಕೇಳಿದ. ಮೊದಲು ಕಣ್ಣಿಗೆ ಹನಿ ಮತ್ತು ಟೇಪು ಕೊಡಿಸು ಎಂದೆ.